ಬೋಳು ಎದೆಯ ಕಾಕಟೈಲ್‌ಗೆ ಪುಕ್ಕ ಬಂತು

‘ಇದಕ್ಕ ಹುಚ್ಚ ಹಿಡದದ, ಬಿಟ್ಟುಬಿಡ್ರಿ’ ಅಂತ ನನ್ನ ಕಾಕಟೈಲ್ ನೋಡಿ ಅಂದವರು ಒಬ್ಬಿಬ್ಬರಲ್ಲ. ಜುಟ್ಟಿರುವ ಸಣ್ಣ ಗಿಳಿ ಅದು, ತನ್ನ ಪುಕ್ಕ ತಾನೇ ಕೀಳುತ್ತಿತ್ತು. ಈಗ ಅವರೇ ಬಂದು ಪಂಜರದ ಮುಂದೆ ನಿಲ್ಲುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲಬುರಗಿಯ ಒಂದು ಅಂಗಡಿಯ ಕೌಂಟರ್ ಮೇಲೆ ಸುಮಾರು 4 ವರ್ಷ ಇದ್ದ ಹಕ್ಕಿ ಇದು. ರಾತ್ರಿ 11ರ ತನಕ ಟ್ಯೂಬ್‌ಲೈಟ್, ತಿನ್ನಲು ಬರೀ ಸೂರ್ಯಕಾಂತಿ ಬೀಜ. ನನ್ನ ಕೈಗೆ ಬಂದಾಗ ಎದೆ, ರೆಕ್ಕೆಯಡಿ ಎಲ್ಲ ಸುಲಿದ ಕೋಳಿ ಹಾಗಿತ್ತು. ಜುಟ್ಟು ಮಾತ್ರ ನೆಟ್ಟಗಿತ್ತು. ಕೊಕ್ಕು ಮುಟ್ಟುವಲ್ಲಿ ಮಾತ್ರ ಬೋಳು ಅಂದರೆ ತಾನೇ ಕಿತ್ತುಕೊಂಡದ್ದು, ಅಲ್ವಾ?

ಮೊದಲು ಮಾಡಿದ್ದೆಲ್ಲ ತಪ್ಪು. ಬೇವಿನೆಣ್ಣೆ ಹಚ್ಚಿದೆ. ಪುಕ್ಕ ಅಂಟಿಕೊಂಡು ಇನ್ನಷ್ಟು ಕಿತ್ತಿತು. ಕೊಕ್ಕು ಮೈಗೆ ತಾಗದ ಹಾಗೆ ಕತ್ತಿಗೆ ಹಾಕುವ ಕಾಲರ್ 600 ರೂಪಾಯಿ ಕೊಟ್ಟು ತರಿಸಿದೆ. ಊಟ ಬಿಟ್ಟಿತು, 3 ದಿನಕ್ಕೆ 8 ಗ್ರಾಂ ಇಳಿಯಿತು. 90 ಗ್ರಾಂ ಹಕ್ಕಿಗೆ 8 ಗ್ರಾಂ ಅಂದರೆ ಸುಮ್ನೆ ಅಲ್ಲ. ಜೊತೆ ಬೇಕೇನೋ ಅಂತ 2,500 ಕೊಟ್ಟು ಇನ್ನೊಂದು ತಂದೆ. ಇದು ಅದರ ಕತ್ತನ್ನೂ ಬೋಳು ಮಾಡಿತು!

ಆಮೇಲೆ ರೋಗವೇನಾದರೂ ಇದೆಯಾ ಅಂತ ಪರೀಕ್ಷೆ ಮಾಡಿಸಲು ಹಿಕ್ಕೆಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಬೀದರಿನ ಪಶುವೈದ್ಯರ ಹತ್ತಿರ ಹೋದೆ. ಬಸ್ಸಿನಲ್ಲಿ 3 ತಾಸು, ಅದೂ ಏಪ್ರಿಲ್ ಬಿಸಿಲು. ಏನೂ ಕಾಣಲಿಲ್ಲ. ಜಿಯಾರ್ಡಿಯಾ ಅನ್ನುವ ಕರುಳಿನ ಸೂಕ್ಷ್ಮ ಪರಾವಲಂಬಿ ಇದೆಯಾ ಅಂತ ನೋಡಬೇಕಾದರೆ ಹಿಕ್ಕೆ ಆಗಷ್ಟೇ ಬಿದ್ದದ್ದಿರಬೇಕು, ಹಳತಾದರೆ ಗುರುತು ಸಿಗುವುದು ಕಷ್ಟ. ಎರಡನೇ ಸಲ ಹಕ್ಕಿಯನ್ನೇ ಒಯ್ದೆ. ಸಿಕ್ಕಿತು. ಕಾಕಟೈಲ್‌ಗೆ ಇದು ತಗುಲಿದರೆ ಮೈ ತುರಿಸಿ ಪುಕ್ಕ ಕೀಳುವುದುಂಟು. ಔಷಧದ ಡೋಸ್ ಬರೆಯುವುದಿಲ್ಲ, ತೂಕ ನೋಡಿ ಡಾಕ್ಟರೇ ಹೇಳಲಿ. ಓಡಾಟ ಸೇರಿ 4,000 ಆಗಿರಬೇಕು.

ತುರಿಕೆ ಹೋಯಿತು, ಚಟ ಹೋಗಲಿಲ್ಲ.

ಯಾವಾಗ ಕೀಳುತ್ತದೆ ಅಂತ 15 ದಿನ ಬರೆದಿಟ್ಟೆ. ಎರಡೇ ಹೊತ್ತು: ಕಾಳು ಮುಗಿದ ಮೇಲೆ, ರಾತ್ರಿ ದೀಪ ಹತ್ತಿದ ಮೇಲೆ. ಬಟ್ಟಲಿನ ಕಾಳು 10 ನಿಮಿಷಕ್ಕೆ ಖಾಲಿ. ಆಮೇಲೆ ದಿನವಿಡೀ ಕೊಕ್ಕಿಗೆ ಕೆಲಸವಿಲ್ಲ. ಬಟ್ಟಲೇ ತೆಗೆದುಬಿಟ್ಟೆ. ಜೋಳದ ತೆನೆ ತೂಗುಹಾಕಿದೆ. ಗೋವಿನಜೋಳದ ಸಿಪ್ಪೆಯಲ್ಲಿ ಕಾಳು ಸುತ್ತಿ ಗಂಟು ಹಾಕಿದೆ. ಸೀತನಿ ಕಾಲದಲ್ಲಂತೂ ಹಾಲುಗಾಳಿನ ತೆನೆಗೆ ಅರ್ಧ ದಿನ ಜೋತುಬೀಳುತ್ತಿತ್ತು. ಎಳೆ ಜೋಳದ ಎಲೆ ಮಾತ್ರ ಬೇಡ. ದನಕ್ಕೇ ವಿಷ ಅದು, ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಸೂರ್ಯಕಾಂತಿ ಬಿಡಿಸಿ ನುಗ್ಗೆಸೊಪ್ಪು ತಿನ್ನಿಸಿದ್ದು ಹೇಗೆ ಅಂತ ಕೇಳಬೇಡಿ, ಅದೊಂದು ನನ್ನ ಹತ್ತಿರವೇ ಇರಲಿ.

ಸಂಜೆ 7ಕ್ಕೆ ಚಾದರ ಹೊದಿಸಿ ಕತ್ತಲ ಕೋಣೆಗೆ. ಇನ್ನೊಂದು ಕಷ್ಟ ನಮ್ಮ ಅವ್ವನದು. ಅದು ಕಿತ್ತಾಗಲೆಲ್ಲ ‘ಏ ಬಿಡ!’ ಅಂತ ಓಡಿಬರುತ್ತಿದ್ದಳು. ಕಿತ್ತರೆ ಜನ ಬರುತ್ತಾರೆ ಅಂತ ಹಕ್ಕಿ ಕಲಿತಿತ್ತು. ಅವ್ವನ ಬಾಯಿ ಮುಚ್ಚಿಸಲು ಹಿಡಿದಷ್ಟು ದಿನ ಬೇರೆ ಯಾವುದಕ್ಕೂ ಹಿಡಿಯಲಿಲ್ಲ.

ನಡುವೆ ಒಣಹವೆಗೆ ಅಂತ ಕೂಲರ್ ಪಕ್ಕ ಪಂಜರ ಇಟ್ಟು ನೋಡಿದೆ. ಖುಷಿಯಾಗಿ ಮೈ ಉಬ್ಬಿಸಿತು. ಆದರೆ ಕೂಲರಿನ ಹುಲ್ಲಿನಲ್ಲಿ ಬೂಷ್ಟು ವಾಸನೆ ಬಂತು, ಹೆದರಿ ನಿಲ್ಲಿಸಿದೆ. ಈಗ ಬೆಳಿಗ್ಗೆ ಬರೀ ನೀರಿನ ಸ್ಪ್ರೇ, ಅಷ್ಟೇ.

ಎರಡು ತಿಂಗಳಿಗೆ ಎದೆಯಲ್ಲಿ ಮುಳ್ಳಿನಂಥ ಚಿಗುರು ಕಂಡವು. ಐದನೇ ತಿಂಗಳಿಗೆ ಎದೆ ತುಂಬಿತು. ಎಡ ರೆಕ್ಕೆಯಡಿ 2 ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಬೋಳೇ. ಅಲ್ಲಿ ಪುಕ್ಕದ ಬುಡವೇ ಸತ್ತಿರಬೇಕು. ಎರಡನೇ ಹಕ್ಕಿಗೆ ಕತ್ತು ತುಂಬಿದೆ, ಆದರೂ ಪಂಜರ ಬೇರೆಯೇ ಇಟ್ಟಿದ್ದೇನೆ.