ಐದೇ ಸ್ವರ, ನಾಲ್ಕು ಜನ: ನಾವು ಸೇರಿ ನುಡಿಸುವ ಬಗೆ

ಬಿಡುವಾದಾಗ ನಾವು ನಾಲ್ಕು ಜನ ಗೆಳೆಯರು ಸೇರಿ ನುಡಿಸುತ್ತೇವೆ. ನನ್ನದು ಗಿಟಾರ್. ಒಬ್ಬ ಕೊಳಲು ನುಡಿಸುತ್ತಾನೆ, ಒಬ್ಬಳು ಕೀಬೋರ್ಡ್. ಮೃದಂಗ ಕಲಿತ ಇನ್ನೊಬ್ಬ ಕಹಾನ್ ಬಾರಿಸುತ್ತಾನೆ. ಕಹಾನ್ ಅಂದರೆ ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ. ಯಾವ ಹಾಡನ್ನೂ ಮೊದಲೇ ತಯಾರಿ ಮಾಡಿರುವುದಿಲ್ಲ. ಆ ಹೊತ್ತಿಗೆ ಹುಟ್ಟಿದ್ದೇ ಸಂಗೀತ.

ಹಾಗಂತ ಸುಮ್ನೆ ಶುರು ಮಾಡುವುದಿಲ್ಲ. ಮೊದಲು ಶ್ರುತಿ. ಗಿಟಾರಿನ ತಂತಿ ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಬಿದಿರಿನ ಕೊಳಲಿಗೆ ಆ ಅನುಕೂಲ ಇಲ್ಲ. ಅದೂ ಅಲ್ಲದೆ, ಉಸಿರಿನ ಬಿಸಿಗೆ ಅದರ ಶ್ರುತಿ ಸ್ವಲ್ಪ ಏರುತ್ತದೆ. ಅದಕ್ಕೇ ಕೊಳಲಿನವನು ಮೊದಲು ಸ್ವಲ್ಪ ಹೊತ್ತು ಊದಲಿ ಎಂದು ಬಿಡುತ್ತೇವೆ. ಆಮೇಲೆ ನಾನು ಕೊಳಲಿಗೇ ಗಿಟಾರ್ ಕೂಡಿಸಿಕೊಳ್ಳುತ್ತೇನೆ. ಟ್ಯೂನರ್ ಆ್ಯಪ್ ತೋರಿಸಿದ್ದಕ್ಕಿಂತ ಒಂದು ಕೂದಲೆಳೆ ಮೇಲಿದ್ದರೂ ಪರವಾಗಿಲ್ಲ, ಇಬ್ಬರೂ ಒಂದೇ ಕಡೆ ಇರಬೇಕು ಅಷ್ಟೆ. ಕೀಬೋರ್ಡಿನಲ್ಲೂ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸುವ ಸೆಟ್ಟಿಂಗ್ ಇರುತ್ತದೆ.

ಆಮೇಲೆ ಸ್ವರಗಳನ್ನು ಗೊತ್ತು ಮಾಡಿಕೊಳ್ಳುತ್ತೇವೆ. ನನಗೆ ಎಲ್ಲಕ್ಕಿಂತ ಇಷ್ಟ ಮೋಹನ ರಾಗದ ಐದು ಸ್ವರ: ಸ ರಿ ಗ ಪ ದ. ಕೊಳಲು ಜಿ ಶ್ರುತಿಯದಾದರೆ ಪಾಶ್ಚಾತ್ಯ ಹೆಸರಿನಲ್ಲಿ ಅವು ಜಿ, ಎ, ಬಿ, ಡಿ, ಇ. ಈ ಐದರೊಳಗೇ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಪೂರ್ತಿ ಸಿಗುತ್ತವೆ: ಜಿ ಮೇಜರ್ ಮತ್ತು ಇ ಮೈನರ್. ನಾನು ಜಿ ಮೇಜರ್ ಹಿಡಿದಷ್ಟು ಹೊತ್ತು ಕೊಳಲು ಮೋಹನವಾಗಿಯೇ ಕೇಳುತ್ತದೆ. ಇ ಮೈನರಿಗೆ ಹೋಗಿ ಅಲ್ಲೇ ನಿಂತುಬಿಟ್ಟರೆ ಕಿವಿ 'ಇ'ಯನ್ನು ಷಡ್ಜ, ಅಂದರೆ 'ಸ', ಮಾಡಿಕೊಳ್ಳುತ್ತದೆ. ಆಗ ಅದೇ ಐದು ಸ್ವರ ಶುದ್ಧ ಧನ್ಯಾಸಿ ಎಂಬ ಇನ್ನೊಂದು ರಾಗದ ಬಣ್ಣಕ್ಕೆ ತಿರುಗುತ್ತವೆ. ಕೊಳಲಿನವನು ಒಂದು ಸ್ವರವನ್ನೂ ಬದಲಿಸಿರುವುದಿಲ್ಲ! ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಎನ್ನುತ್ತಾರೆ. ಪಾಠದಲ್ಲಿ ಓದಿದ್ದು ಹೀಗೆ ಗೆಳೆಯರ ನಡುವೆ ಕಿವಿಗೆ ಬಿದ್ದಾಗ ಮೈ ಜುಂ ಅನ್ನುತ್ತದೆ. ಕೊಳಲಿನವನು ಅದನ್ನು ಗುರುತಿಸಿ 'ಇ' ಮೇಲೆ ಒಂದು ದೀರ್ಘ ಸ್ವರ ಹಿಡಿದರೆ, ಮಾತಿಲ್ಲದೆ ನಮ್ಮಿಬ್ಬರ ಒಪ್ಪಂದ ಮುಗಿದಂತೆ.

ಐದೇ ಸ್ವರ ಸಾಕಾ ಎಂದು ಹೊಸಬರು ಕೇಳುತ್ತಾರೆ. ಸಾಕು, ಜಾಸ್ತಿಯೇ ಆಯಿತು. ಯಾವ ಸ್ವರ ಹಿಡಿಯಲಿ ಎಂಬ ಚಿಂತೆ ಕಡಿಮೆಯಾದರೆ ಪಕ್ಕದವರನ್ನು ಕೇಳಲು ಪುರುಸೊತ್ತು ಸಿಗುತ್ತದೆ. ನಾಲ್ಕು ಜನ ಕೂತಾಗ ನಿಜವಾದ ಕೆಲಸ ಅದೇ ಅಲ್ವಾ?

ಜಾಗ ಬಿಡುವುದನ್ನೂ ನಾವು ಬೇಕೆಂದೇ ಅಭ್ಯಾಸ ಮಾಡಿದ್ದೇವೆ. ಗಿಟಾರ್ ಮತ್ತು ಕೀಬೋರ್ಡ್ ಎರಡೂ ನಡುವಿನ ಸ್ಥಾಯಿಯಲ್ಲೇ ಕಾರ್ಡ್ ತುಂಬಿದರೆ ಎಲ್ಲವೂ ಕಲಸಿಹೋಗುತ್ತದೆ. ಅದಕ್ಕೆ ಅವಳು ಎಡಗೈಯಲ್ಲಿ ಕೆಳಗಿನ ಸ್ವರಗಳನ್ನು ನೋಡಿಕೊಳ್ಳುತ್ತಾಳೆ. ನಾನು ಮೇಲಿನ ಸ್ವರಗಳ ಮೂರು ತಂತಿ ಬಿಟ್ಟು ಕೆಳಗೆ ಇಳಿಯುವುದಿಲ್ಲ. ಒಬ್ಬರು ಮುಂದೆ ಬಂದು ನುಡಿಸುವಾಗ ಉಳಿದವರು ಸದ್ದು ತಗ್ಗಿಸುತ್ತೇವೆ. ಕೆಲವೊಮ್ಮೆ ಒಬ್ಬರು ಪೂರ್ತಿ ಕೈ ಎತ್ತಿಬಿಡುತ್ತಾರೆ. ಕಹಾನ್ ನಿಂತಾಗ ತಾಳ ಎಲ್ಲರ ಒಳಗೂ ಓಡುತ್ತಲೇ ಇರಬೇಕು. ಅದು ಮತ್ತೆ ಬಂದು ಸೇರುವ ಹೊತ್ತಿಗೆ ಸಿಗುವ ಕಸುವೇ ಬೇರೆ.

ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ಆದರೆ ಮೃದಂಗದ ಲೆಕ್ಕ ಅಲ್ಲಿ ಚೆನ್ನಾಗಿ ಕೈ ಹಿಡಿಯುತ್ತದೆ. ನಾಲ್ಕು ಏಟಿನ ಒಂದು ಸುತ್ತನ್ನು, ಏಟಿಗೆ ನಾಲ್ಕರಂತೆ, 16 ಮಾತ್ರೆ ಎಂದು ಎಣಿಸುತ್ತೇವೆ. ಸಮ ಅಂದರೆ ಸುತ್ತು ಶುರುವಾಗುವ ಜಾಗ. ಅಲ್ಲಿನ ಒಂದು ಮಾತ್ರೆಯನ್ನು ಖಾಲಿ ಬಿಟ್ಟು, ಐದು ಮಾತ್ರೆಯ 'ತದಿಗಿಣತೊಂ' ಮೂರು ಸಲ. ಐದು ಮೂರಲಿ 15. ಮುಂದಿನ ಏಟು ಸರಿಯಾಗಿ ಸಮಕ್ಕೇ ಬೀಳುತ್ತದೆ. ಕಹಾನಿನವನು ತಲೆ ಎತ್ತಿ ನೋಡಿದ ಎಂದರೆ ಅದು ಬರುತ್ತಿದೆ ಎಂದು ಅರ್ಥ. ಮೊದಲನೇ ಸಲ ಅವನೊಬ್ಬನೇ ಬಾರಿಸುತ್ತಾನೆ. ಎರಡನೇ ಸಲಕ್ಕೆ ನಾನು ಮತ್ತು ಕೀಬೋರ್ಡಿನವಳು ಸೇರುತ್ತೇವೆ, ಮೂರನೆಯದಕ್ಕೆ ಕೊಳಲೂ ಬರುತ್ತದೆ. ಸಮದಲ್ಲಿ ನಾವು ಮೂವರು ಜಿ ಹಿಡಿದು, ಅವನು ಒಂದು ಏಟು ಹೊಡೆದು, ನಾಲ್ಕೂ ಜನ ಒಟ್ಟಿಗೆ ನಿಲ್ಲಿಸುತ್ತೇವೆ.