ಸ್ಟೆಂಟ್ ಸದ್ಯಕ್ಕೆ ಬೇಡ ಅಂದೆ, ಎರಡು ಮಳೆಗಾಲ ಕಳೆಯಿತು

ಕೆರೆಯಿಂದ ಕಾಫಿ ಕಣಕ್ಕೆ ಏರು ಹತ್ತುವಾಗ ಎದೆ ಬಿಗಿಯುತ್ತಿತ್ತು. ನಿಂತರೆ ಎರಡು ನಿಮಿಷದಲ್ಲಿ ಸರಿ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ, ಪಾಸಿಟಿವ್ ಬಂತು. ಮೈಸೂರಿನಲ್ಲಿ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ಆಯಿತು. ಒಂದು ಬ್ಲಾಕ್ ಶೇ 70, ಇನ್ನೊಂದು ಶೇ 80ರ ಹತ್ತಿರ. ನಾನಿನ್ನೂ ಟೇಬಲ್ ಮೇಲಿದ್ದೆ, ಹೊರಗೆ ಹೆಂಡತಿಯ ಸಹಿ ಕೇಳಿದರು. ಎರಡು ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ), ಎರಡೂಮುಕ್ಕಾಲು ಲಕ್ಷ. 2017ರಲ್ಲಿ ಸರ್ಕಾರ ಮದ್ದು ಲೇಪದ ಸ್ಟೆಂಟಿಗೆ ಮಿತಿ ಹಾಕಿದ್ದು ಒಂದಕ್ಕೆ 30 ಸಾವಿರದೊಳಗೆ. ಉಳಿದದ್ದು ಯಾವುದಕ್ಕೆ ಅಂದರೆ ‘ಪ್ಯಾಕೇಜ್’ ಅಂದರು. ಆಂಜಿಯೋಗ್ರಾಂ ಸಿಡಿ ತಗೊಂಡು ಬಂದುಬಿಟ್ಟೆ.

ಮನೆಯಲ್ಲಿ ಎಲ್ಲರಿಗೂ ಸಿಟ್ಟು. “ಜುಲೈನಲ್ಲಿ ಗುಡ್ಡ ಜಾರಿ ರಸ್ತೆ ಮುಚ್ಚಿದರೆ ಏನು ಮಾಡ್ತೀರಿ ಭಾವ?” ಅಂತ ಹೆಂಡತಿಯ ತಮ್ಮ ಕೇಳಿದ. ಆ ಹೆದರಿಕೆ ನನಗೂ ಇತ್ತು.

ಇನ್ನೊಬ್ಬ ಡಾಕ್ಟರ್ ಸಿಡಿ ನೋಡಿದರು. ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳ ಲೆಫ್ಟ್ ಮೇನ್ ಶುದ್ಧ, ಹೃದಯದ ಪಂಪಿಂಗ್ ಶೇ 60, ಅಂದರೆ ಸರಿಯಾಗಿದೆ, ಕೂತಾಗ ನೋವಿಲ್ಲ. ‘ಇಸ್ಕೀಮಿಯಾ’ ಎಂಬ ಅಧ್ಯಯನದ ವಿಷಯ ಹೇಳಿದರು. ಐದು ಸಾವಿರಕ್ಕೂ ಹೆಚ್ಚು ಜನ, 2019ರಲ್ಲಿ ಫಲಿತಾಂಶ. ನನ್ನಂಥವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದರೂ, ಮದ್ದಿನಿಂದ ಶುರು ಮಾಡಿದರೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಸ್ಟೆಂಟ್, ಬೈಪಾಸ್‌ನಲ್ಲಿ ಚೆನ್ನಾಗಿ ತಗ್ಗಿತು. ಮದ್ದು ಸಾಲದಿದ್ದರೆ ಸ್ಟೆಂಟ್ ಇದ್ದೇ ಇದೆ ಅಲ್ವಾ?

ಮೊದಲ ವರ್ಷ ಸೋತೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರುವಾದ ಮೇಲೆ ಮೀನಖಂಡ ಹಿಡಿಯಿತು. ಯಾರನ್ನೂ ಕೇಳದೆ ನಿಲ್ಲಿಸಿದೆ. 80ಕ್ಕೆ ಇಳಿದಿದ್ದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಮತ್ತೆ 130 ದಾಟಿತು. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ, ನಮ್ಮದೇ ತೋಟದ ಜೇನು ಬೆರೆಸಿ ಮೂರು ತಿಂಗಳು ಕುಡಿದೆ. ರುಚಿ ಚೆನ್ನಾಗಿತ್ತು, ಎಲ್‌ಡಿಎಲ್ ಅಲ್ಲಾಡಲಿಲ್ಲ. ಆಮೇಲೆ ಡಾಕ್ಟರ್ ಬೇರೆ ಸ್ಟಾಟಿನ್ ಕೊಟ್ಟು ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮದ್ದು ಸೇರಿಸಿದರು. ಈಗ 55ರ ಆಸುಪಾಸು. ಡೋಸ್ ಇಲ್ಲಿ ಹೇಳುವುದಿಲ್ಲ, ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ.

ನಡಿಗೆಗೂ ತೊಂದರೆ ಇತ್ತು. ಬೆಳಗ್ಗೆ ಬೇಗ ತೋಟದಲ್ಲಿ ಆನೆ ಇರುತ್ತದೆ. ಆಳುಗಳು ಬಂದ ಮೇಲೆ ಕಣದಲ್ಲೇ 40 ನಿಮಿಷ ಸುತ್ತು ಹಾಕುತ್ತೇನೆ. ಹಂದಿಕರಿ ತಿಂಗಳಿಗೊಮ್ಮೆ, ಕೊಬ್ಬು ತೆಗೆದು. ರುಚಿ ಕೆಡದ ಹಾಗೆ ಮಾಡುವ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇರಲಿ.

ಮದ್ದಿಗೆ ತಿಂಗಳಿಗೆ ಸುಮಾರು 1,500. ಟಿಎಂಟಿಯಲ್ಲಿ ಮೊದಲು ಐದು ನಿಮಿಷ, ಈ ಸಲ ಒಂಬತ್ತು. ಕಣದವರೆಗೆ ನಿಲ್ಲದೆ ಹತ್ತುತ್ತೇನೆ, 61 ವರ್ಷಕ್ಕೆ ಕಡಿಮೆ ಅಲ್ಲ.

ನನ್ನ ಗೆಳೆಯನೊಬ್ಬನಿಗೆ ಲೆಫ್ಟ್ ಮೇನ್‌ನಲ್ಲೇ ಬ್ಲಾಕ್ ಇತ್ತು. ಅವನನ್ನು ಬೈಪಾಸಿಗೆ ಒಪ್ಪಿಸಿದ್ದು ನಾನೇ. ಕೂತಲ್ಲೇ ನೋವು ಬಂದರೆ ನಾನೂ ಕಾಯುವುದಿಲ್ಲ. ನಾಲಿಗೆ ಕೆಳಗಿಡುವ ಮಾತ್ರೆ ಜೇಬಿನಲ್ಲಿದೆ, ಮಳೆಗಾಲದಲ್ಲಿ ಜೀಪಿನ ಟ್ಯಾಂಕ್ ಯಾವಾಗಲೂ ತುಂಬಿರುತ್ತದೆ.