ಅನ್ನಕ್ಕೆ ಬಟ್ಟಲು, ಕಾಯಿಗೆ ತೂಕ

ಕುಮಟಾದ ನಮ್ಮ ಮನೆಯಲ್ಲಿ ಅಕ್ಕಿಯನ್ನು ಅಳೆಯದೆ ಒಲೆಗೆ ಹಾಕಿದ್ದು ಎಂದೂ ಇಲ್ಲ. ತಲೆಗೊಂದು ಪಾವು, ಮೇಲಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವವರಿಗೆಂದು ಒಂದು ಹಿಡಿ ಎಂಬ ಲೆಕ್ಕ ಅತ್ತೆಯವರ ಕಾಲದಿಂದಲೂ ನಡೆದು ಬಂದಿತ್ತು. ಆ ಅಳತೆ ಇದ್ದದ್ದು ಅನ್ನ ಸಾಲದೆ ಹೋಗಬಾರದೆಂದು. ಯಾರ ಹೊಟ್ಟೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ, ವೈದ್ಯರು ಅನ್ನ ಕಡಿಮೆ ಮಾಡಿ ಎಂದಾಗ, ಯಾವುದಕ್ಕಿಂತ ಕಡಿಮೆ ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆದ್ದರಿಂದ ಏನನ್ನೂ ಕಡಿತ ಮಾಡುವ ಮೊದಲು, ನಾವು ಈಗ ಉಣ್ಣುತ್ತಿರುವುದು ಎಷ್ಟು ಎಂದು ತಿಳಿದುಕೊಳ್ಳಬೇಕೆಂದು ನಿರ್ಧರಿಸಿದೆ.

ಇದಕ್ಕೆ ಬೇಕಾದ ಸಾಮಾನು ಒಂದೇ, ಐದು ಕಿಲೋದವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಖಾಲಿ ಪಾತ್ರೆಯನ್ನಿಟ್ಟು ಗುಂಡಿ ಒತ್ತಿದರೆ ಸೊನ್ನೆಗೆ ಬರುವ ಸೌಲಭ್ಯ ಅದರಲ್ಲಿ ಇರಲೇಬೇಕು. ತಕ್ಕಡಿ ಸರಿಯಿದೆಯೇ ಎಂದು ನೋಡಲು ಒಡೆಯದ ಅರ್ಧ ಲೀಟರ್ ಹಾಲಿನ ಪೊಟ್ಟಣವೇ ಸಾಕು. ಹಾಲು ನೀರಿಗಿಂತ ತುಸು ಭಾರವಾದ್ದರಿಂದ ಅದು ಸುಮಾರು 515 ಗ್ರಾಂ ತೂಗಬೇಕು, ಪ್ಲಾಸ್ಟಿಕ್ಕಿನದು ಒಂದೆರಡು ಗ್ರಾಂ ಹೆಚ್ಚು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಬ್ಯಾಟರಿಯ ತಗಡು ಬೇಗ ಕಿಲುಬು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ಬಳಸದ ದಿನಗಳಲ್ಲಿ ಬ್ಯಾಟರಿ ತೆಗೆದು, ತಕ್ಕಡಿಯನ್ನು ಡಬ್ಬಿಯೊಳಗೆ ಇಡುತ್ತೇನೆ.

ಮೊದಲು ತೂಗಿದ್ದು ಪಾವನ್ನೇ. ತಲೆ ಸವರಿ ಅಳೆದರೆ ನಮ್ಮ ಪಾವಿಗೆ 205 ಗ್ರಾಂ ಅಕ್ಕಿ ಹಿಡಿಯುತ್ತದೆ. ಅತ್ತೆಯವರು ಅಳೆಯುವಂತೆ ಗುಡ್ಡೆ ಮಾಡಿ ಅಳೆದರೆ 245 ಗ್ರಾಂ. ಮಧ್ಯಾಹ್ನ ಮತ್ತು ರಾತ್ರಿ ಎರಡೂ ಹೊತ್ತಿಗೆ ಸೇರಿ ತಲೆಗೊಂದು ಗುಡ್ಡೆ ಪಾವು, ಅದರ ಮೇಲೆ ಬೆಳಗಿನ ದೋಸೆಗೆ ನೆನೆಸಿದ ಅಕ್ಕಿ, ಸಂಜೆಯ ಚಹಾದ ಜೊತೆಗಿನ ಅವಲಕ್ಕಿ ಎಲ್ಲವನ್ನೂ ಕೂಡಿಸಿದಾಗ ಒಬ್ಬೊಬ್ಬರಿಗೆ ದಿನಕ್ಕೆ 340 ಗ್ರಾಂ ಮೀರಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2,000 ಕಿಲೋಕ್ಯಾಲರಿಯ ದಿನದ ಊಟಕ್ಕೆ ಸೂಚಿಸುವ ತಟ್ಟೆಯಲ್ಲಿ ಅಕ್ಕಿ, ಗೋಧಿ, ರಾಗಿ ಎಲ್ಲ ಧಾನ್ಯಗಳೂ ಸೇರಿ ಸುಮಾರು 250 ಗ್ರಾಂ ಮಾತ್ರ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಯಜಮಾನರಿಗೆ ಅಷ್ಟೂ ಬೇಕಿರಲಿಲ್ಲ.

ಹಸಿ ಅಕ್ಕಿಯ ತೂಕ ಗೊತ್ತಾದರೂ ಬಡಿಸುವುದು ಅನ್ನವನ್ನು. ಅದರ ತೂಕ ಅಕ್ಕಿಗೆ ತಕ್ಕಂತೆ, ನೀರಿಗೆ ತಕ್ಕಂತೆ ಬದಲಾಗುತ್ತದೆ. ನಮ್ಮಲ್ಲಿ ಗಂಜಿ ಬಸಿದು ಮಾಡುವ ಕುಚ್ಚಲಕ್ಕಿ ಅನ್ನ 100 ಗ್ರಾಂ ಅಕ್ಕಿಗೆ 300 ಗ್ರಾಂ ಆಸುಪಾಸು ಆಗುತ್ತದೆ, ಕುಕ್ಕರಿನಲ್ಲಿ ಮಾಡುವ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ 260 ಗ್ರಾಂ. ಹೀಗಾಗಿ ತಟ್ಟೆಯಲ್ಲಿ ಒಂದೇ ಗಾತ್ರ ಕಾಣುವ ಎರಡು ಅನ್ನದಲ್ಲಿ ಇರುವ ಅಕ್ಕಿ ಒಂದೇ ಅಲ್ಲ. ಇದನ್ನು ದಿನಾಲೂ ಲೆಕ್ಕ ಹಾಕುವುದು ಹೇಗೆ ಎಂದು ಯೋಚಿಸುವಾಗ, ಬಿಸಿ ಪಾತ್ರೆಯಿಂದ ಅನ್ನವನ್ನು ಬೇರೆ ಪಾತ್ರೆಗೆ ಸುರಿದು ತೂಗುವುದು ತಾಪತ್ರಯವೆಂದು ಕಂಡು, ಖಾಲಿ ಪಾತ್ರೆಯ ತೂಕವನ್ನೇ ಪಾತ್ರೆಯ ಮೇಲೆ ಬರೆದಿಡುವ ಉಪಾಯ ಹೂಡಿದೆ. ಮದುವೆ ಉಡುಗೊರೆಯ ಪಾತ್ರೆಗಳಿಗೆ ಹೆಸರು ಕೊರೆದು ಕೊಡುವ ಅಂಗಡಿಗೆ ಅನ್ನದ ಪಾತ್ರೆ, ಕುಕ್ಕರಿನ ಒಳಡಬ್ಬಿ, ಪಳದಿ (ಕಾಯಿ ರುಬ್ಬಿ ಮಾಡುವ ಮೇಲೋಗರ) ಮಾಡುವ ಪಾತ್ರೆ ಮೂರನ್ನೂ ಒಯ್ದು, ಕಂಠದ ಹೊರಗೆ 840, 365, 710 ಎಂದು ಕೊರೆಸಿಕೊಂಡು ಬಂದೆ. ಇದು ಯಾರ ಹೆಸರು ಎಂದು ಅಂಗಡಿಯವನು ಕೇಳಿದ್ದು ಬೇರೆ ಮಾತು. ಈಗ ಪಾತ್ರೆಯನ್ನು ಇದ್ದಂತೆಯೇ ತಕ್ಕಡಿಯ ಮೇಲಿಟ್ಟು ಆ ಸಂಖ್ಯೆಯನ್ನು ಕಳೆದರೆ ಒಳಗಿನ ಅನ್ನದ ತೂಕ ಸಿಗುತ್ತದೆ. ಬಿಸಿ ಪಾತ್ರೆಯ ಅಡಿಗೆ ಒಂದು ಮರದ ಮಣೆ ಇಡಬೇಕು, ಇಲ್ಲವಾದರೆ ತಕ್ಕಡಿ ಬಿಸಿಗೆ ಕೆಡುತ್ತದೆ. ಮಣೆಯಿಟ್ಟ ಮೇಲೆಯೇ ಸೊನ್ನೆ ಮಾಡಿಕೊಂಡರಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಅಳತೆ ಕೈತಪ್ಪುವುದು ಬಡಿಸುವ ಸಟ್ಟುಗದಲ್ಲಿ. ಚಪ್ಪಟೆ ಸಟ್ಟುಗಕ್ಕೆ ಅಂಚಿಲ್ಲ. ಪ್ರೀತಿ ಇದ್ದಷ್ಟೂ ಅನ್ನ ಅದರ ಮೇಲೆ ನಿಲ್ಲುತ್ತದೆ. ಅದನ್ನು ಬದಿಗಿಟ್ಟು, ತಲೆ ಸವರಿದರೆ ಸರಿಯಾಗಿ 150 ಗ್ರಾಂ ಕುಚ್ಚಲಕ್ಕಿ ಅನ್ನ ಹಿಡಿಯುವ ಒಂದು ಸ್ಟೀಲಿನ ಬಟ್ಟಲನ್ನು ಹುಡುಕಿ, ಅದರಿಂದಲೇ ಬಡಿಸತೊಡಗಿದೆ. ಒಂದು ಬಟ್ಟಲೆಂದರೆ 50 ಗ್ರಾಂ ಅಕ್ಕಿ, ಅಂದರೆ ಸುಮಾರು 40 ಗ್ರಾಂ ಪಿಷ್ಟ. ಯಜಮಾನರು ಮಧ್ಯಾಹ್ನ ಉಣ್ಣುತ್ತಿದ್ದದ್ದು ಎರಡೂವರೆ ಬಟ್ಟಲಿಗೆ ಕಡಿಮೆಯಿರಲಿಲ್ಲ. ಒಮ್ಮೆಲೇ ಒಂದಕ್ಕೆ ಇಳಿಸಿದರೆ ನಾಲ್ಕು ಗಂಟೆಗೆ ಡಬ್ಬಿಯ ಚಕ್ಕುಲಿ ಖಾಲಿಯಾಗುವುದು ಖಂಡಿತ ಎಂದು ತಿಳಿದು, ಅರ್ಧರ್ಧ ಬಟ್ಟಲು ಇಳಿಸುತ್ತ, ಮಧ್ಯಾಹ್ನ ಒಂದೂವರೆ, ರಾತ್ರಿ ಒಂದು ಎಂಬಲ್ಲಿಗೆ ತಂದು ನಿಲ್ಲಿಸಿದೆವು. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರು ಔಷಧವನ್ನು ಹಾಗೆಯೇ ಇಟ್ಟು ಅನ್ನವನ್ನು ಮಾತ್ರ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಇಳಿಸುವ ಮೊದಲೇ ವೈದ್ಯರಿಗೆ ನಮ್ಮ ಲೆಕ್ಕವನ್ನು ಬರೆದು ತೋರಿಸಿದೆವು. ಅವರು ಗುಳಿಗೆಯ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ನೋಡಿಕೊಂಡರು.

ಗಂಜಿಯ ಊಟ ಇಲ್ಲಿ ನೆರವಿಗೆ ಬಂದಿತು. ಅದೇ 50 ಗ್ರಾಂ ಅಕ್ಕಿ ನೀರಿನೊಂದಿಗೆ ದೊಡ್ಡ ಬಟ್ಟಲು ತುಂಬುತ್ತದೆ, ಹೊಟ್ಟೆಯೂ ತುಂಬುತ್ತದೆ. ಜೊತೆಗಿನ ಉಪ್ಪಿನಕಾಯಿಯ ಮೇಲೆ ಮಾತ್ರ ಕಣ್ಣಿಡಬೇಕು.

ಅಕ್ಕಿಗಿಂತ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ತೆಂಗಿನಕಾಯಿ. ನಮ್ಮ ಕಡೆಯಲ್ಲಿ ಎಣ್ಣೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಕಾಯಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿತ್ತಲಲ್ಲಿ ಬಿದ್ದ ಕಾಯಿಗೆ ಲೆಕ್ಕವೇನು ಎಂಬ ಭಾವ. ಹೆರೆಮಣೆಯ ಅಡಿಗೆ ತಟ್ಟೆಯಿಟ್ಟು ತೂಗಿದಾಗ ಮಧ್ಯಮ ಗಾತ್ರದ ಒಂದು ಕಾಯಿಯಿಂದ 225 ಗ್ರಾಂ ತುರಿ ಬಂದಿತು. ಹಸಿ ಕಾಯಿತುರಿಯ 100 ಗ್ರಾಂನಲ್ಲಿ ಸುಮಾರು 350 ಕಿಲೋಕ್ಯಾಲರಿಯೂ 33 ಗ್ರಾಂ ಕೊಬ್ಬೂ ಇರುತ್ತದೆ, ಆ ಕೊಬ್ಬಿನಲ್ಲಿ ಹೆಚ್ಚಿನ ಪಾಲು ತುಪ್ಪದಲ್ಲಿರುವಂಥ ಸ್ಯಾಚುರೇಟೆಡ್ ಬಗೆಯದು. ಬೆಳಗಿನ ಚಟ್ನಿ, ಮಧ್ಯಾಹ್ನದ ಮೀನಿನ ಪಳದಿ, ಪಲ್ಯದ ಮೇಲಿನ ತುರಿ ಎಂದು ನಾಲ್ಕು ಮಂದಿಯ ನಮ್ಮ ಮನೆಯಲ್ಲಿ ದಿನಕ್ಕೊಂದು ಕಾಯಿ ಹೋಗುತ್ತಿತ್ತು. ಅಂದರೆ ತಲೆಗೆ 18 ಗ್ರಾಂ ಮೀರಿದ ಕೊಬ್ಬು ಕಾಯಿಯಿಂದಲೇ. ಹೈದರಾಬಾದಿನ ಅದೇ ಸಂಸ್ಥೆಯ ತಟ್ಟೆಯಲ್ಲಿ ಅಡುಗೆ ಎಣ್ಣೆ, ತುಪ್ಪಗಳಿಗೆ ಇರುವ ಜಾಗ ಸುಮಾರು 27 ಗ್ರಾಂ. ಶೇಂಗಾ, ಎಳ್ಳಿನಂಥ ಬೀಜಗಳಿಗೆ ಬೇರೆಯಾಗಿ 35 ಗ್ರಾಂ ಆಸುಪಾಸು.

ಕಾಯಿಯಿಲ್ಲದ ಪಳದಿ ಮಾಡುವ ಯೋಚನೆ ನನಗೆ ಬರಲಿಲ್ಲ, ಬಂದರೂ ಅತ್ತೆಯವರು ಬಿಡುತ್ತಿರಲಿಲ್ಲ. ದಿನದ ಲೆಕ್ಕವನ್ನು ಒಂದು ಕಡಿಗೆ, ಅಂದರೆ ಅರ್ಧ ಕಾಯಿಗೆ ಇಳಿಸಿ, ಅದರಲ್ಲಿ 90 ಗ್ರಾಂ ಪಳದಿಗೆ, ಉಳಿದದ್ದು ಬೇರೆಯದಕ್ಕೆ ಎಂದು ಹಂಚಿದೆ. ಪಳದಿ ನೀರಾಗದಂತೆ ಕೊತ್ತಂಬರಿ ಬೀಜವನ್ನು ತುಸು ಹೆಚ್ಚು ಹುರಿದು, ಒಂದು ಚಮಚೆ ನೆನೆದ ಅಕ್ಕಿಯನ್ನು ಸೇರಿಸಿ ನುಣ್ಣಗೆ ರುಬ್ಬಿದರೆ ಸಾಕು. ಮುರುಗಲು (ಕೋಕಂ) ಸಿಪ್ಪೆಯ ಹುಳಿ ಇರುವ ತನಕ ವ್ಯತ್ಯಾಸವನ್ನು ನಾಲಗೆ ಅಷ್ಟಾಗಿ ಗುರುತಿಸುವುದಿಲ್ಲ. ಚಟ್ನಿಗೆ ಅರ್ಧ ಪಾಲು ಹುರಿಗಡಲೆ ಹಾಕಿ ನೋಡಿದ್ದು ಮಾತ್ರ ಯಾರಿಗೂ ಹಿಡಿಸಲಿಲ್ಲ, ಅದನ್ನು ಬಿಟ್ಟೆವು. ಚಟ್ನಿಯನ್ನೇ ವಾರದಲ್ಲಿ ಕೆಲವು ದಿನಕ್ಕೆ ಸೀಮಿತಗೊಳಿಸಿದೆವು.

ಎಣ್ಣೆಯ ವಿಷಯದಲ್ಲಿ ಚಮಚೆಯ ಲೆಕ್ಕ ನಿಲ್ಲುವುದಿಲ್ಲ, ಒಗ್ಗರಣೆಯ ಅವಸರದಲ್ಲಿ ಯಾರು ಅಳೆಯುತ್ತಾರೆ? ಒಂದು ಲೀಟರ್ ಎಣ್ಣೆ 910 ಗ್ರಾಂ ತೂಗುತ್ತದೆಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ತಲೆಗೆ ದಿನಕ್ಕೆ 20 ಗ್ರಾಂನಂತೆ ನಾಲ್ವರಿಗೆ ವಾರಕ್ಕೆ 560 ಗ್ರಾಂ ಎಂದು ಲೆಕ್ಕ ಹಾಕಿ, ಪ್ರತಿ ಭಾನುವಾರ ಬಾಟಲಿಗೆ ಅಷ್ಟನ್ನೇ ಸುರಿದಿಡುತ್ತೇನೆ. ಗುರುವಾರಕ್ಕೆ ಬಾಟಲಿಯ ತಳ ಕಂಡರೆ, ಶುಕ್ರವಾರದ ಬಾಂಗಡೆ ಕಾವಲಿಯನ್ನು ಬಿಟ್ಟು ಪಳದಿಯ ಪಾತ್ರೆಗೆ ಹೋಗುತ್ತದೆ. ರವೆ ಹಚ್ಚಿ ಹುರಿಯುವ ಮೊದಲು ಮತ್ತು ಅನಂತರ ಕಾವಲಿಯನ್ನು ತೂಗಿ ನೋಡಿದಾಗ, ಒಂದು ಮೀನು ಹೆಚ್ಚುಕಡಿಮೆ ಎರಡು ಚಹಾ ಚಮಚೆ ಎಣ್ಣೆ ಕುಡಿದಿತ್ತು. ಮೀನಿಗೆ ಮಾತ್ರ ನಾನು ಯಾವ ಮಿತಿಯನ್ನೂ ಹಾಕಲಿಲ್ಲ. 150 ಗ್ರಾಂ ತೂಗುವ ಬಾಂಗಡೆಯಲ್ಲಿ ತಲೆ, ಕರುಳು, ಮುಳ್ಳು ಕಳೆದು ತಿನ್ನಲು ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ, ಮುಳ್ಳು ಬಿಡಿಸುವ ಕೆಲಸವೇ ಊಟವನ್ನು ನಿಧಾನ ಮಾಡುತ್ತದೆ.

ಉಪ್ಪಿಗೂ ಇದೇ ರೀತಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರದ ಹರಳುಪ್ಪನ್ನು ಕೈಯಲ್ಲಿ ಹಿಡಿದು ಹಾಕುವ ರೂಢಿಯಿರುವ ಮನೆಯಲ್ಲಿ ಚಮಚೆಯ ಅಳತೆ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಹರಳುಗಳ ನಡುವೆ ಖಾಲಿ ಜಾಗವಿರುವುದರಿಂದ ಅದೇ ಚಮಚೆಗೆ ಪುಡಿ ಉಪ್ಪಿಗಿಂತ ಕಡಿಮೆ ತೂಕ ಹಿಡಿಯುತ್ತದೆ. ಡಬ್ಬಿಗೆ ಒಂದು ಕಿಲೋ ತುಂಬಿದ ದಿನವನ್ನು ಮುಚ್ಚಳದ ಮೇಲೆ ಬರೆದಿಟ್ಟೆ. ಅದು ಒಂದೇ ತಿಂಗಳಲ್ಲಿ ಮುಗಿದಾಗ ತಲೆಗೆ ದಿನಕ್ಕೆ 8 ಗ್ರಾಂ ಮೀರಿದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಕಾಲದಲ್ಲಿ ನಾವು ಒಣಮೀನಿಗೆ ಇಳಿಯುತ್ತೇವೆ, ಆಗ ಡಬ್ಬಿಯ ಲೆಕ್ಕಕ್ಕೆ ಬಾರದ ಉಪ್ಪು ಬೇರೆ ದಾರಿಯಿಂದ ಬರುತ್ತದೆ. ಒಣಮೀನನ್ನು ಎರಡು ನೀರಿನಲ್ಲಿ ನೆನೆಸಿ ತೊಳೆದು, ಆ ದಿನದ ಉಳಿದ ಅಡುಗೆಗೆ ಉಪ್ಪನ್ನು ಕಡಿಮೆ ಹಾಕುವುದು ನಾನು ಕಂಡುಕೊಂಡ ದಾರಿ.

ಶಿರಸಿಯಲ್ಲಿರುವ ಗೆಳತಿಯ ಮನೆಯದು ಪೂರಾ ಸಸ್ಯಾಹಾರ. ನನ್ನ ಬಟ್ಟಲಿನ ಕ್ರಮವನ್ನು ಅವಳು ತನ್ನಲ್ಲಿ ನಡೆಸಿ ನೋಡಿದಾಗ ಬೇರೆಯದೇ ತೊಡಕು ಎದುರಾಯಿತು. ತಂಬುಳಿಗೆ ಒಂದಿಷ್ಟು ಅನ್ನ, ಹುಳಿಗೆ ಒಂದಿಷ್ಟು, ಸಾರಿಗೆ, ಕೊನೆಗೆ ಮಜ್ಜಿಗೆಗೆ ಎಂದು ಪ್ರತಿಯೊಂದಕ್ಕೂ ಹೊಸದಾಗಿ ಅನ್ನ ಬೀಳುವುದರಿಂದ, ಸ್ವಲ್ಪ ಸ್ವಲ್ಪವೆನ್ನುತ್ತಲೇ ನಾಲ್ಕು ಸಲ ಆಗುತ್ತದೆ. ಒಂದೆಲಗದ ತಂಬುಳಿಯನ್ನೂ ಮಜ್ಜಿಗೆಯನ್ನೂ ಲೋಟದಲ್ಲಿ ಕುಡಿದು, ಹುಳಿ ಮತ್ತು ಸಾರಿಗೆ ಮಾತ್ರ ಅನ್ನ ಎಂದು ಅವರು ಒಪ್ಪಂದಕ್ಕೆ ಬಂದರು. ಹುಳಿಗೆ ಹಾಕುವ ಬೇಳೆಯನ್ನು ತೂಗಿದರೆ ತಲೆಗೆ 15 ಗ್ರಾಂ ಕೂಡ ಬರಲಿಲ್ಲವಂತೆ. ಬೇಳೆಕಾಳುಗಳಿಗೆ ಹೈದರಾಬಾದಿನ ಸಂಸ್ಥೆ ಸೂಚಿಸಿದ ಪ್ರಮಾಣ ದಿನಕ್ಕೆ 85 ಗ್ರಾಂ ಹತ್ತಿರವಿದೆ. ಅವಳ ಮನೆಯಲ್ಲಿ ತಕ್ಕಡಿ ಬಂದದ್ದರಿಂದ ಹೆಸರುಕಾಳಿನ ಉಸಳಿ ಹೆಚ್ಚಾಯಿತು. ಅಳತೆ ಎಂದರೆ ಕಡಿತವೆಂದೇ ತಿಳಿಯುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ತರಕಾರಿಯಲ್ಲೂ ಹೀಗೆಯೇ ಏರಿಸುವ ಕೆಲಸವೇ ಹೆಚ್ಚು. ಅದೇ ಸಂಸ್ಥೆ ಸೂಚಿಸುವಂತೆ ತಲೆಗೆ 400 ಗ್ರಾಂ ಎಂದರೆ ನಾಲ್ವರಿಗೆ ದಿನಕ್ಕೆ 1,600 ಗ್ರಾಂ, ಬುಧವಾರದ ಸಂತೆಯ ಒಂದು ಚೀಲ ಅದಕ್ಕೆ ಯಾವ ಮೂಲೆಗೂ ಸಾಲದು. ಹಿತ್ತಲಿನ ಬಸಳೆ, ಹರಿವೆ, ಮಳೆಗಾಲದ ಮೊಗೆಸೌತೆ ಇದ್ದದ್ದರಿಂದ ಹೇಗೋ 300ರವರೆಗೆ ತಲುಪಿದ್ದೇವೆ. ಸಣ್ಣ ತಟ್ಟೆ ಬಳಸಿದರೆ ತಾನಾಗಿ ಕಡಿಮೆ ಉಣ್ಣುತ್ತೇವೆ ಎಂಬ ಮಾತಿನಲ್ಲಿ ನನಗೆ ಹೆಚ್ಚು ವಿಶ್ವಾಸವಿಲ್ಲ, ನಮ್ಮವರು ಸಣ್ಣ ತಟ್ಟೆಗೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ತಟ್ಟೆಯ ಅರ್ಧದಲ್ಲಿ ಪಲ್ಯವನ್ನು ಮೊದಲು ಬಡಿಸಿ, ಅದು ಅರೆವಾಸಿ ಮುಗಿದ ಮೇಲೆ ಅನ್ನದ ಬಟ್ಟಲನ್ನು ತಂದರೆ ಎರಡನೆಯ ಸಲ ಕೇಳುವವರು ಕಡಿಮೆ.

ಅತ್ತೆಯವರಿಗೆ ಈ ಯಾವ ಮಿತಿಯೂ ಇಲ್ಲ. ವಯಸ್ಸಾದವರಿಗೆ ತೂಕ ಇಳಿಯುವುದೇ ತೊಂದರೆ, ಆದ್ದರಿಂದ ಅವರು ಸಾಕಷ್ಟು ಉಣ್ಣುತ್ತಿದ್ದಾರೆಯೇ, ಮೀನು, ಮೊಟ್ಟೆ, ಮೊಸರು ಹೋಗುತ್ತಿದೆಯೇ ಎಂದು ನೋಡಲು ಮಾತ್ರ ಅವರ ಊಟವನ್ನು ತೂಗುತ್ತೇನೆ, ಅದೂ ಅವರಿಗೆ ಕಾಣದಂತೆ. ಕಾಲೇಜಿಗೆ ಹೋಗುವ, ಸಂಜೆ ವಾಲಿಬಾಲ್ ಆಡುವ ಮಗನ ಬಟ್ಟಲಿನ ಲೆಕ್ಕವನ್ನು ನಾನು ಇಡುವುದಿಲ್ಲ. ಮದುವೆ, ಮುಂಜಿ, ಚೌತಿಯ ಕಡುಬಿನ ದಿನ ತಕ್ಕಡಿಗೂ ರಜೆ. ಬಾಳೆಎಲೆಯ ಮುಂದೆ ಕೂತವರಿಗೆ ಇನ್ನೊಂದು ಸ್ವಲ್ಪ ಎಂದು ಬಡಿಸುವವರನ್ನು ತಡೆಯುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ, ಅಂಥ ದಿನಗಳು ವರ್ಷದಲ್ಲಿ ಎಣಿಕೆಯಷ್ಟೇ ಇರುವುದರಿಂದ ಅದರ ಚಿಂತೆಯೂ ಬೇಡ.

ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಯಜಮಾನರಿಗೆ ಇಳಿದಿದೆ. ಅದೇ ಹೊತ್ತಿಗೆ ಅವರು ಬೆಳಗಿನ ನಡಿಗೆಯನ್ನೂ ಹಿಡಿದದ್ದರಿಂದ ಪೂರ್ತಿ ಕೀರ್ತಿಯನ್ನು ಬಟ್ಟಲಿಗೆ ಕೊಡಲು ನಾನು ಸಿದ್ಧಳಿಲ್ಲ. ಈಗ ದಿನಾಲೂ ತೂಗುವುದಿಲ್ಲ. ಬಟ್ಟಲು, ವಾರದ ಬಾಟಲಿ, ಒಂದು ಕಡಿ ಕಾಯಿ, ಮುಚ್ಚಳದ ಮೇಲಿನ ತಾರೀಖು ಇಷ್ಟರಲ್ಲಿಯೇ ಮನೆ ನಡೆಯುತ್ತದೆ. ಅಕ್ಕಿಯ ಹೊಸ ಮೂಟೆ ಬಿಚ್ಚಿದಾಗ ಮಾತ್ರ ಒಮ್ಮೆ ತೂಗಿ ನೋಡುವುದು ಅಗತ್ಯ, ಏಕೆಂದರೆ ಹೊಸ ಅಕ್ಕಿ ಹಳೆಯದರಷ್ಟು ನೀರು ಹೀರದೆ ಕಡಿಮೆ ಅರಳುತ್ತದೆ, ಹಾಗಾಗಿ ಅದೇ ಬಟ್ಟಲಿನಲ್ಲಿ ಹೆಚ್ಚು ಅಕ್ಕಿ ಸೇರಿಬಿಡುತ್ತದೆ. ಅಂಥ ಮೂಟೆ ಬಂದಾಗ ಬಟ್ಟಲನ್ನು ಅಂಚಿನವರೆಗೆ ತುಂಬಿಸದೆ ಒಂದು ಬೆರಳು ಕೆಳಗೆ ನಿಲ್ಲಿಸುತ್ತೇನೆ.